ಶ್ಲೈಮ್‌ಕೈಮ್: ಪೂರ್ವ ಜರ್ಮನಿಯ ಒಂದು ಹಳ್ಳಿ ಪಂಕ್ ಬ್ಯಾಂಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನ್ ಪಂಕ್ (ಪಂಕ್ ಅಂದರೆ ವೇಗದ, ಒರಟು, ಸಿಟ್ಟಿನ ರಾಕ್ ಸಂಗೀತ; ಅದನ್ನು ಹಚ್ಚಿಕೊಂಡವರಿಗೂ ಅದೇ ಹೆಸರು) ಅಂದ ಕೂಡಲೇ ಜನ ಬರ್ಲಿನ್, ಹ್ಯಾಂಬರ್ಗ್, ಡುಸೆಲ್‌ಡಾರ್ಫ್ ಅಂತ ಶುರು ಮಾಡುತ್ತಾರೆ. ನಾನು ಮಾತ್ರ ಗೆಳೆಯರು ಸಿಕ್ಕಾಗಲೆಲ್ಲ ಒಂದು ಹಳ್ಳಿ ಬ್ಯಾಂಡ್ ಬಗ್ಗೆ ಕೊರೆಯುತ್ತೇನೆ. ಕೊರೆದಾಗಲೆಲ್ಲ ಅವರಿಂದ ಬರುವುದು ಅವೇ ಪ್ರಶ್ನೆಗಳು. ಪ್ರತಿ ಸಲ ಮೊದಲಿಂದ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಯಾರಿವರು? ಒಂದೇ ಉಸಿರಲ್ಲಿ ಹೇಳಿ.

ಡೀಟರ್ ಏರ್ಲಿಷ್, ಅವನ ಅಣ್ಣ-ತಮ್ಮಂದಿರಲ್ಲೊಬ್ಬನಾದ ಕ್ಲೌಸ್, ಮತ್ತು ಡಿಪ್ಪೆಲ್ ಅಂತ ಅಡ್ಡಹೆಸರಿದ್ದ ಒಬ್ಬ ಗೆಳೆಯ. ಈ ಮೂವರು 1980ರಲ್ಲಿ ಶ್ಟೊಟರ್ನ್‌ಹೈಮ್ ಎಂಬ ಹಳ್ಳಿಯಲ್ಲಿ ಕಟ್ಟಿದ ಬ್ಯಾಂಡ್ ಇದು. ಡೀಟರ್‌ನನ್ನು ಯಾರೂ ಡೀಟರ್ ಅನ್ನುತ್ತಿರಲಿಲ್ಲ, ಎಲ್ಲರಿಗೂ ಅವನು ಒಟ್ಸೆ. ಡ್ರಮ್ಸ್ ಬಾರಿಸುತ್ತಿದ್ದವನೂ ಅವನೇ, ಹಾಡುತ್ತಿದ್ದವನೂ ಅವನೇ. ಸರ್ಕಾರದ ಅನುಮತಿ ಇಲ್ಲದೆ ಇಡೀ 80ರ ದಶಕ ನುಡಿಸಿದರು, ಬರ್ಲಿನ್ ಗೋಡೆ ಬಿದ್ದ ಮೇಲೂ ಒಂದಷ್ಟು ವರ್ಷ ನುಡಿಸಿದರು, 1996ರ ಹೊತ್ತಿಗೆ ನಿಂತರು.

ಹೆಸರಿನ ಅರ್ಥ ಏನು? ಹೇಗೆ ಉಚ್ಚರಿಸೋದು?

ಶ್ಲೈಮ್ ಅಂದರೆ ಲೋಳೆ, ಕೈಮ್ ಅಂದರೆ ರೋಗಾಣು. ಎರಡೂ ಸೇರಿ ಲೋಳೆ-ಕ್ರಿಮಿ ಅಂತಿಟ್ಟುಕೊಳ್ಳಿ. ಬೇಕಂತಲೇ ಅಸಹ್ಯ ಆಗಲಿ ಅಂತ ಇಟ್ಟ ಹೆಸರು. ಕೇಳಿದರೆ ಜರ್ಮನ್ ಅಜ್ಜಿಯರು ಈಗಲೂ ಮುಖ ಕಿವುಚುತ್ತಾರೆ. ಅಭಿಮಾನಿಗಳು ಚಿಕ್ಕದಾಗಿ 'ಎಸ್‌ಕೆ' ಅನ್ನುತ್ತಾರೆ.

ಇನ್ನೊಂದು ತಮಾಷೆ ಇದೆ. ಒಟ್ಸೆಯ ಮನೆಹೆಸರು ಏರ್ಲಿಷ್ ಅಲ್ವಾ, ಅದರ ಅರ್ಥ 'ಪ್ರಾಮಾಣಿಕ'. ಅದು ಅವನು ಇಟ್ಟುಕೊಂಡದ್ದಲ್ಲ, ಹುಟ್ಟಿನಿಂದ ಬಂದದ್ದು.

ಈ ಶ್ಟೊಟರ್ನ್‌ಹೈಮ್ ಎಲ್ಲಿದೆ?

ಜರ್ಮನಿಯ ನಟ್ಟನಡುವೆ, ತ್ಯೂರಿಂಗೆನ್ ರಾಜ್ಯದಲ್ಲಿ. ಏರ್‌ಫುರ್ಟ್ ನಗರದ ಉತ್ತರಕ್ಕೆ ಹತ್ತಿರತ್ತಿರ 10 ಕಿಲೋಮೀಟರ್. 1994ರಲ್ಲಿ ಅದನ್ನು ಏರ್‌ಫುರ್ಟ್‌ಗೆ ಸೇರಿಸಿಕೊಂಡರು, ಬ್ಯಾಂಡ್ ಶುರುವಾದಾಗ ಅದು ತನ್ನ ಪಾಡಿಗೆ ತಾನಿದ್ದ ಹಳ್ಳಿ.

ಪಂಕ್ ಕೇಳದವರಿಗೂ ಈ ಹಳ್ಳಿಯ ಹೆಸರು ಗೊತ್ತಿರಬಹುದು, ಅದಕ್ಕೆ ಕಾರಣ ಬೇರೆ. 1505ರ ಜುಲೈ 2ರಂದು ಮಾರ್ಟಿನ್ ಲೂಥರ್ ಎಂಬ ಕಾನೂನು ವಿದ್ಯಾರ್ಥಿ ಅಪ್ಪ-ಅಮ್ಮನನ್ನು ನೋಡಿಕೊಂಡು ಏರ್‌ಫುರ್ಟ್‌ಗೆ ವಾಪಸ್ ನಡೆದು ಬರುತ್ತಿದ್ದಾಗ ಈ ಊರ ಹತ್ತಿರ ಸಿಡಿಲು ಬಡಿಯಿತು. ಹೆದರಿ ನೆಲಕ್ಕೆ ಬಿದ್ದವನು 'ಸಂತ ಅನ್ನಾ, ಕಾಪಾಡು, ಸನ್ಯಾಸಿ ಆಗುತ್ತೇನೆ' ಅಂತ ಹರಕೆ ಹೊತ್ತ. ಎರಡು ವಾರದಲ್ಲಿ ಮಠ ಸೇರಿಯೂ ಬಿಟ್ಟ. ಮುಂದೆ ಆದದ್ದು ಚರಿತ್ರೆ. ಆ ಜಾಗದಲ್ಲಿ 1917ರಲ್ಲಿ ನೆಟ್ಟ ಕಲ್ಲು ಈಗಲೂ ಇದೆ. ಊರಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಆ ಕಲ್ಲು ನೋಡಲು ಬರುವವರು, ಒಟ್ಸೆಗಾಗಿ ಬರುವವರು ಕಡಿಮೆ.

ಕಮ್ಯುನಿಸ್ಟ್ ದೇಶದ ಹಳ್ಳಿ ಹುಡುಗರಿಗೆ ಪಂಕ್ ಎಲ್ಲಿಂದ ಸಿಕ್ಕಿತು?

ರೇಡಿಯೋದಿಂದ. ಗೋಡೆ ಕಟ್ಟಬಹುದು, ರೇಡಿಯೋ ಅಲೆಗೆ ಗೋಡೆ ಇಲ್ಲ. ತ್ಯೂರಿಂಗೆನ್ ಪಶ್ಚಿಮದ ಗಡಿಗೆ ಅಂಟಿಕೊಂಡೇ ಇರುವುದರಿಂದ ಅಲ್ಲಿಗೆ ಪಶ್ಚಿಮದ ಸ್ಟೇಷನ್‌ಗಳು ಚೆನ್ನಾಗಿಯೇ ಸಿಗುತ್ತಿದ್ದವು. ಪಶ್ಚಿಮ ಜರ್ಮನಿಯಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ಅಂತ ನಡೆಸುತ್ತಿದ್ದ ಸ್ಟೇಷನ್ ಒಂದರಲ್ಲಿ ಜಾನ್ ಪೀಲ್ ಎಂಬ ಬ್ರಿಟಿಷ್ ನಿರೂಪಕ ಹೊಸ ಹೊಸ ಬ್ಯಾಂಡ್‌ಗಳನ್ನು ಹಾಕುತ್ತಿದ್ದ, ಪೂರ್ವದ ಹುಡುಗರು ರಾತ್ರಿ ಕೂತು ಅದನ್ನು ಟೇಪಿಗೆ ಇಳಿಸಿಕೊಳ್ಳುತ್ತಿದ್ದರು. ಪಾಪ, ಡ್ರೆಸ್ಡೆನ್ ಸುತ್ತಮುತ್ತಲಿನವರಿಗೆ ಮಾತ್ರ ಪಶ್ಚಿಮದ ಟಿವಿ ಸಿಗುತ್ತಿರಲಿಲ್ಲ. ಅದಕ್ಕೇ ಆ ಪ್ರದೇಶಕ್ಕೆ 'ಏನೂ ಗೊತ್ತಿಲ್ಲದವರ ಕಣಿವೆ' ಅಂತ ದೇಶವೆಲ್ಲ ಅಡ್ಡಹೆಸರು ಇಟ್ಟಿತ್ತು.

ಬ್ಯಾಂಡ್ ಕಟ್ಟೋದೇ ಅಪರಾಧವಾಗಿತ್ತಾ?

ಮನೆಯಲ್ಲಿ ಗಿಟಾರ್ ನುಡಿಸಿದರೆ ಯಾರೂ ಕೇಳುತ್ತಿರಲಿಲ್ಲ. ಜನರ ಮುಂದೆ ನುಡಿಸಬೇಕಾದರೆ ಸರ್ಕಾರದ ಪರವಾನಗಿ ಬೇಕಿತ್ತು. ಅದಕ್ಕೊಂದು ಸಮಿತಿ. ಬ್ಯಾಂಡ್ ಹೋಗಿ ಅವರ ಮುಂದೆ ನುಡಿಸಬೇಕು, ಅವರು ಕೂತು ಕೇಳಿ ದರ್ಜೆ ಕೊಡುತ್ತಾರೆ, ಆ ದರ್ಜೆಯ ಮೇಲೆ ಸಂಭಾವನೆ ನಿಗದಿ. ನಮ್ಮ ಆಕಾಶವಾಣಿ ಆಡಿಷನ್, ಬಿ ಗ್ರೇಡು, ಬಿ ಹೈ, ಎ ಗ್ರೇಡು ಇದೆಲ್ಲ ಗೊತ್ತಿರುವವರಿಗೆ ಬೇಗ ಅರ್ಥವಾಗುತ್ತದೆ. ವ್ಯತ್ಯಾಸ ಇಷ್ಟೇ: ಇಲ್ಲಿ ಗ್ರೇಡು ಸಿಗದಿದ್ದರೆ ರೇಡಿಯೋದಲ್ಲಿ ಹಾಡಲಾಗದು, ಅಲ್ಲಿ ಸಿಗದಿದ್ದರೆ ಊರ ಹಾಲ್‌ನಲ್ಲೂ ಹಾಡುವಂತಿಲ್ಲ. ಸಾಲದ್ದಕ್ಕೆ 1958ರಿಂದ ಇನ್ನೊಂದು ನಿಯಮ ಇತ್ತು. ಕಾರ್ಯಕ್ರಮದಲ್ಲಿ ಶೇಕಡ 60 ಹಾಡು ಸಮಾಜವಾದಿ ದೇಶಗಳದ್ದೇ ಆಗಿರಬೇಕು, ಪಶ್ಚಿಮದ್ದು 40ಕ್ಕಿಂತ ಜಾಸ್ತಿ ಆಗಬಾರದು.

ಶ್ಲೈಮ್‌ಕೈಮ್ ಆ ಸಮಿತಿಯ ಬಾಗಿಲಿಗೆ ಹೋಗಲೇ ಇಲ್ಲ. ಹೋಗಿದ್ದರೂ ಸಿಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಆದರೆ ಕೇಳಿ ಇಲ್ಲ ಅನ್ನಿಸಿಕೊಳ್ಳುವುದಕ್ಕೂ ಕೇಳದೇ ಇರುವುದಕ್ಕೂ ವ್ಯತ್ಯಾಸ ಇದೆ, ಈ ಬ್ಯಾಂಡ್ ನನಗೆ ಇಷ್ಟವಾಗುವುದು ಅಲ್ಲೇ.

ಮತ್ತೆ ನುಡಿಸುತ್ತಿದ್ದದ್ದು ಎಲ್ಲಿ?

ಅಭ್ಯಾಸ ಊರಲ್ಲೇ, ಒಟ್ಸೆಯ ಅಪ್ಪನ ಮನೆಯ ಅಂಗಳದ ಕಟ್ಟಡದಲ್ಲಿ. ಕಛೇರಿ ಅಂತ ಕರೆಯುವುದಾದರೆ ಅದು ಚರ್ಚುಗಳಲ್ಲಿ.

ಏನು, ಚರ್ಚಲ್ಲಿ ಪಂಕಾ?

ಹೌದು, ಎಲ್ಲರೂ ಇಲ್ಲಿ ಒಂದು ಸಲ ನಿಲ್ಲುತ್ತಾರೆ.

ಪೂರ್ವ ಜರ್ಮನಿಯಲ್ಲಿ ಆಳುವ ಕಮ್ಯುನಿಸ್ಟ್ ಪಾರ್ಟಿಯ ಹಿಡಿತಕ್ಕೆ ಪೂರ್ತಿ ಸಿಗದೇ ಉಳಿದಿದ್ದ ಒಂದೇ ಒಂದು ದೊಡ್ಡ ಸಂಸ್ಥೆ ಅಂದರೆ ಪ್ರಾಟೆಸ್ಟೆಂಟ್ ಚರ್ಚು. ಚರ್ಚಿನ ಒಳಗೆ ನಡೆಯುವ ಕಾರ್ಯಕ್ರಮಕ್ಕೆ ಆ ಪರವಾನಗಿ ಬೇಕಿರಲಿಲ್ಲ. ಕೆಲವು ಪಾದ್ರಿಗಳು ಅದನ್ನೇ ಉಪಯೋಗಿಸಿಕೊಂಡರು. ಉದ್ದ ಕೂದಲಿನವರು, ಕೆಲಸ ಬಿಟ್ಟವರು, ಸೈನ್ಯಕ್ಕೆ ಹೋಗಲ್ಲ ಅಂದವರು, ಆಮೇಲೆ ಪಂಕ್‌ಗಳು, ಹೀಗೆ ಯಾರಿಗೂ ಬೇಡವಾದ ಹುಡುಗ ಹುಡುಗಿಯರಿಗೆ ಬಾಗಿಲು ತೆರೆದಿಟ್ಟರು. ಇದಕ್ಕೆ 'ತೆರೆದ ಕೆಲಸ' ಅಂತಲೇ ಹೆಸರು. ಇದು ಬೇರು ಬಿಟ್ಟದ್ದೂ ತ್ಯೂರಿಂಗೆನ್‌ನಲ್ಲೇ. ರುಡೊಲ್‌ಶ್ಟಾಟ್ ಹತ್ತಿರದ ಬ್ರೌನ್ಸ್‌ಡಾರ್ಫ್ ಎಂಬ ಪುಟ್ಟ ಹಳ್ಳಿಯಲ್ಲಿ ವಾಲ್ಟರ್ ಶಿಲ್ಲಿಂಗ್ ಎಂಬ ಪಾದ್ರಿ 60ರ ದಶಕದ ಕೊನೆಗೇ ಇದನ್ನು ಶುರು ಮಾಡಿದ್ದರು.

ಈ ಹುಡುಗರಲ್ಲಿ ಎಷ್ಟು ಜನಕ್ಕೆ ದೇವರ ಮೇಲೆ ನಂಬಿಕೆ ಇತ್ತು ಅಂತ ಕೇಳಬೇಡಿ. ಪಾದ್ರಿಗಳೂ ಕೇಳುತ್ತಿರಲಿಲ್ಲ, ಕನಿಷ್ಠ ಒಳ್ಳೆಯ ಪಾದ್ರಿಗಳು. ಸಭೆಯ ಹಿರಿಯರಿಗೆ ಮಾತ್ರ ದೊಡ್ಡ ತಲೆನೋವು. ಭಾನುವಾರ ಪ್ರಾರ್ಥನೆಗೆ ಬಂದವರ ಕಾಲಿಗೆ ಬಿಯರ್ ಬಾಟಲಿ ಸಿಕ್ಕರೆ ಯಾರಿಗೆ ತಾನೇ ಖುಷಿಯಾಗುತ್ತೆ ಹೇಳಿ.

ಪಶ್ಚಿಮದ ಬ್ಯಾಂಡ್‌ಗಳಿಗೂ ಇದೇ ದಾರಿ. ಮುಂದೆ ಕ್ರೀಡಾಂಗಣ ತುಂಬಿಸಿದ ಡುಸೆಲ್‌ಡಾರ್ಫಿನ ಡೀ ಟೋಟೆನ್ ಹೋಜೆನ್ 1983ರ ಮಾರ್ಚ್‌ನಲ್ಲಿ ಕದ್ದು ಪೂರ್ವ ಬರ್ಲಿನ್‌ಗೆ ಬಂದು ಒಂದು ಚರ್ಚಿನಲ್ಲಿ ನುಡಿಸಿ ಹೋದರು.

ವಾದ್ಯಗಳಿಗೆ ದುಡ್ಡು?

ದುಡ್ಡು ಇದ್ದರೂ ಅಂಗಡಿಯಲ್ಲಿ ಮಾಲು ಇರಬೇಕಲ್ಲ. ಒಳ್ಳೆಯ ಆಂಪ್ಲಿಫೈಯರ್ ಅಂದರೆ ಪಶ್ಚಿಮದ್ದು, ಅದಕ್ಕೆ ಪಶ್ಚಿಮದ ದುಡ್ಡೇ ಬೇಕು. ಹಾಗಾಗಿ ಪೂರ್ವದ ಪಂಕ್‌ಗಳೆಲ್ಲ ಅರ್ಧ ರಿಪೇರಿ ಅಂಗಡಿಯವರ ಹಾಗೆ ಬದುಕಿದರು. ಹಳೆ ವಾಲ್ವ್ ರೇಡಿಯೋದ ಹಿಂಬದಿಗೆ ವೈರ್ ಸಿಕ್ಕಿಸಿ ಗಿಟಾರ್ ಜೋಡಿಸುವುದು, ಟೇಪ್ ರೆಕಾರ್ಡರ್ ಮೈಕನ್ನು ಹಾಡೋದಕ್ಕೆ ಇಟ್ಟುಕೊಳ್ಳುವುದು, ಇಂಥವೆಲ್ಲ ಮಾಮೂಲು. ಒಟ್ಸೆಯಂತೂ ಬಿಚ್ಚಿ ಜೋಡಿಸುವುದರಲ್ಲಿ ಪಳಗಿದ ಕೈ.

ಇದು ರೆಕಾರ್ಡಿಂಗ್‌ನಲ್ಲಿ ಗೊತ್ತಾಗುತ್ತದೆ. ನಾನು ಮೊದಲ ಸಲ ಹಾಕಿದಾಗ ಹೆಡ್‌ಫೋನ್ ಕೆಟ್ಟಿದೆ ಅಂದುಕೊಂಡು ವೈರ್ ಅಲ್ಲಾಡಿಸಿ ನೋಡಿದೆ. ಗಿಟಾರ್ ಅನ್ನುವುದು ಜೇನುಗೂಡು ಕೆದಕಿದ ಹಾಗೆ ಒಂದೇ ಸಮ ಗುಂಯ್‌ಗುಡುತ್ತದೆ. ಡ್ರಮ್ಸು ಡಬ್ಬದ ಸದ್ದು. ಅದರ ಮೇಲೆ ಒಬ್ಬ ಕಿರುಚುತ್ತಿದ್ದಾನೆ, ಸಾಲಿನ ಕೊನೆಗೆ ಬಂದಾಗ ಅವನಿಗೆ ಉಸಿರು ಸಾಲುವುದಿಲ್ಲ. ಯಾಕೆ ಅಂದರೆ ಎರಡೂ ಕೈಯಲ್ಲಿ ಬಾರಿಸುತ್ತಾ ಹಾಡುತ್ತಿದ್ದಾನೆ! ಅದು ಗೊತ್ತಾದ ಮೇಲೆ ಮತ್ತೆ ಕೇಳಿದೆ. ತಾಳ ಎಲ್ಲಿ ಓಡುತ್ತದೋ ಮಾತೂ ಅಲ್ಲೇ ಓಡುತ್ತದೆ, ತಾಳ ಎಡವಿದಾಗ ಮಾತೂ ಎಡವುತ್ತದೆ. ಇಬ್ಬರು ಸೇರಿ ಎಷ್ಟು ಅಭ್ಯಾಸ ಮಾಡಿದರೂ ಇದು ಬರುವುದಿಲ್ಲ.

'ಜೌಕೆರ್ಲೆ' ಅಂತ ಇನ್ನೊಂದು ಬ್ಯಾಂಡ್ ಹೆಸರು ಕೇಳಿದ್ದೇನೆ. ಅದು ಇವರೇನಾ?

ಇವರೇ. ಈ ಕಥೆ ಸ್ವಲ್ಪ ಉದ್ದ ಇದೆ.

ಪೂರ್ವ ಜರ್ಮನಿಯಲ್ಲಿ ರೆಕಾರ್ಡ್ ಹೊರತರುವುದು ಸರ್ಕಾರದ ಕಂಪನಿ ಮಾತ್ರ. ಜನಪ್ರಿಯ ಸಂಗೀತಕ್ಕೆ ಅವರದ್ದು ಅಮಿಗಾ ಅನ್ನುವ ಲೇಬಲ್. ಅಲ್ಲಿ ಪಂಕಿಗೆ ಜಾಗ ಇಲ್ಲ. ಹಾಗಾದರೆ ರೆಕಾರ್ಡ್ ಮಾಡಿ ಟೇಪನ್ನು ಗಡಿ ದಾಟಿಸಿ ಪಶ್ಚಿಮದಲ್ಲಿ ಅಚ್ಚು ಹಾಕಿಸಿದರೆ ಹೇಗೆ? ಈ ಯೋಚನೆಯ ಹಿಂದೆ ಡ್ರೆಸ್ಡೆನ್‌ನ ಕಲಾವಿದರ ಗುಂಪೊಂದಿತ್ತು. ಅವರದ್ದೂ ಒಂದು ಬ್ಯಾಂಡ್, ಹೆಸರು ತ್ಸ್ವಿಚರ್‌ಮಶೀನೆ. ಅಂದರೆ ಚಿಲಿಪಿಲಿ ಯಂತ್ರ. ಪಾಲ್ ಕ್ಲೇ ಎಂಬ ಚಿತ್ರಕಾರನ ಒಂದು ಚಿತ್ರದ ಹೆಸರದು. ಚಿತ್ರ ಬರೆಯುವವರು, ಕವಿತೆ ಬರೆಯುವವರು ಸೇರಿ ಕಟ್ಟಿದ್ದು. ಪೂರ್ವ ಬರ್ಲಿನ್‌ನ ಇನ್ನೊಂದು ಬ್ಯಾಂಡ್ ಕೂಡ ಸೇರಬೇಕಿತ್ತು, ರಹಸ್ಯ ಪೊಲೀಸರ ಒತ್ತಡ ಬಿದ್ದು ಅವರು ಹಿಂದೆ ಸರಿದರು. ಆ ಜಾಗಕ್ಕೆ ಬಂದದ್ದು ನಮ್ಮ ಹಳ್ಳಿ ಹುಡುಗರು.

1983ರ ಮೊದಲ ಭಾಗದಲ್ಲಿ ಡ್ರೆಸ್ಡೆನ್‌ನಲ್ಲಿ ರೆಕಾರ್ಡಿಂಗ್ ಆಯಿತು. ಟೇಪು ಕದ್ದು ಗಡಿ ದಾಟಿತು. ಪಶ್ಚಿಮ ಬರ್ಲಿನ್‌ನ ಅಗ್ರೆಸಿವ್ ರಾಕ್‌ಪ್ರೊಡುಕ್ಟ್ಸಿಯೋನೆನ್ ಎಂಬ ಪಂಕ್ ಲೇಬಲ್ ಅದೇ ವರ್ಷ ಎಲ್‌ಪಿ ಹೊರತಂದಿತು. ಹೆಸರು 'ಡಿಡಿಆರ್ ಫೊನ್ ಉಂಟೆನ್', ಅಂದರೆ ಕೆಳಗಿನಿಂದ ನೋಡಿದ ಪೂರ್ವ ಜರ್ಮನಿ. ಒಂದು ಬದಿಗೆ ತ್ಸ್ವಿಚರ್‌ಮಶೀನೆ, ಇನ್ನೊಂದು ಬದಿಗೆ ಜೌಕೆರ್ಲೆ. ಶ್ಲೈಮ್‌ಕೈಮ್ ಅಂತ ಹಾಕಿದರೆ ಮಾರನೇ ದಿನ ಮನೆ ಬಾಗಿಲಿಗೆ ಪೊಲೀಸರು ಬರುತ್ತಾರೆ ಅಂತ ಹೆಸರು ಬದಲಿಸಿದ್ದು. ಜೌ ಅಂದರೆ ಹೆಣ್ಣು ಹಂದಿ, ಕೆರ್ಲೆ ಅಂದರೆ ಗಂಡಸರು. ಬೈಗುಳದ ಲೆಕ್ಕದಲ್ಲಿ 'ಹಂದಿ ನನ್ಮಕ್ಳು' ಅಂತ ಓದಿಕೊಳ್ಳಿ, ಅಡ್ಡಿಯಿಲ್ಲ.

ಪೂರ್ವ ಜರ್ಮನಿಯಿಂದ ಬಂದ ಮೊದಲ ಪಂಕ್ ಎಲ್‌ಪಿ ಇದೇ. ಎರಡೂ ಬದಿ ಒಂದರ ಹಿಂದೊಂದು ಕೇಳಿದರೆ ಮಜಾ ಇದೆ. ಡ್ರೆಸ್ಡೆನ್‌ನವರದ್ದು ಓದಿಕೊಂಡವರ ಸಂಗೀತ, ಕವಿತೆ ಜಾಸ್ತಿ, ಅಲ್ಲಲ್ಲಿ ತಲೆ ಕೆರೆದುಕೊಳ್ಳಬೇಕು. ತಿರುಗಿಸಿ ಹಾಕಿದರೆ ಒಟ್ಸೆ. ಕೆರೆದುಕೊಳ್ಳಲು ಸಮಯವೇ ಕೊಡುವುದಿಲ್ಲ. ಅದು ಯಾಕೆ ಇವತ್ತಿಗೂ ನಿಂತಿದೆ ಅಂದರೆ, ನನ್ನ ಪ್ರಕಾರ, ಅವನಿಗೆ ಪಂಕ್ ಅನ್ನುವುದು ಕಲಾ ಪ್ರಯೋಗ ಆಗಿರಲಿಲ್ಲ. ಈ ಮಾತಿಗೆ ಡ್ರೆಸ್ಡೆನ್ ಬದಿಯ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ. ಬರಲಿ.

ಹೆಸರು ಬದಲಿಸಿದ್ದರಿಂದ ಬಚಾವಾದರಾ?

ಇಲ್ಲ. ಒಟ್ಸೆಯನ್ನು ಹಿಡಿದು ಒಳಗೆ ಹಾಕಿ ವಿಚಾರಣೆ ಮಾಡಿದರು. ಹೆಸರು ಬದಲಿಸಿದ್ದು ಶುರುವಿನಿಂದಲೇ ದಂಡವಾಗಿತ್ತು, ಯಾಕೆಂದರೆ ಸುದ್ದಿ ಒಳಗಿನಿಂದಲೇ ಹೋಗುತ್ತಿತ್ತು.

ತ್ಸ್ವಿಚರ್‌ಮಶೀನೆಗೆ ಸಾಹಿತ್ಯ ಬರೆದು ಹಾಡುತ್ತಿದ್ದವನು, ಈ ರೆಕಾರ್ಡಿನ ಓಡಾಟವನ್ನೆಲ್ಲ ಮುಂದೆ ನಿಂತು ಮಾಡಿದವನು ಸಾಶಾ ಆಂಡರ್ಸನ್ ಎಂಬ ಕವಿ. ಪೂರ್ವದ ಭೂಗತ ಸಾಹಿತ್ಯದಲ್ಲಿ ಅವನಿಗೆ ಗೊತ್ತಿಲ್ಲದವರಿಲ್ಲ. ಎಲ್ಲರ ಮನೆಯ ಅಡುಗೆಮನೆಯಲ್ಲೂ ಕೂತು ಹರಟಿದವನು. ಅವನು ರಹಸ್ಯ ಪೊಲೀಸ್ ಸ್ಟಾಸಿಯ ಮಾಹಿತಿದಾರನಾಗಿದ್ದ. ಒಂದಲ್ಲ, ಡೇವಿಡ್ ಮೆಂಟ್ಸರ್, ಫ್ರಿಟ್ಸ್ ಮ್ಯುಲರ್, ಪೀಟರ್ಸ್ ಅಂತ ಹಲವು ಗುಪ್ತನಾಮ. ಇದು ಬಯಲಾದದ್ದು 1991ರ ಅಕ್ಟೋಬರಿನಲ್ಲಿ. ವೋಲ್ಫ್ ಬಿಯರ್‌ಮನ್ ಎಂಬ ಹಾಡುಗಾರ ದೊಡ್ಡ ಸಾಹಿತ್ಯ ಪ್ರಶಸ್ತಿ ತೆಗೆದುಕೊಳ್ಳುವ ವೇದಿಕೆಯ ಮೇಲೆ ನಿಂತು ಎಲ್ಲರೆದುರು ಬಯಲು ಮಾಡಿದ, ಜೊತೆಗೆ ಇಲ್ಲಿ ಬರೆಯಲಾಗದ ಒಂದು ಬೈಗುಳವನ್ನೂ ಸೇರಿಸಿದ.

ಅಂದರೆ ಸರ್ಕಾರಕ್ಕೆ ಸೆಡ್ಡು ಹೊಡೆದು ತಂದ ಮೊದಲ ಪಂಕ್ ರೆಕಾರ್ಡನ್ನು ಸರ್ಕಾರದ ಬೇಹುಗಾರನೇ ನಿಂತು ಮಾಡಿಸಿದ. ನನಗೆ ಇದು ಇವತ್ತಿಗೂ ಪೂರ್ತಿ ಜೀರ್ಣವಾಗಿಲ್ಲ. ಅದೇ ಬ್ಯಾಂಡ್ ಕಟ್ಟಿದ್ದ ಚಿತ್ರಕಾರ್ತಿ ಕೊರ್ನೇಲಿಯಾ ಶ್ಲೈಮೆ 1984ರಲ್ಲಿ ಪಶ್ಚಿಮಕ್ಕೆ ಹೋದರು. ಗೋಡೆ ಬಿದ್ದ ಮೇಲೆ ತಮ್ಮ ಸ್ಟಾಸಿ ಫೈಲು ತೆಗೆಸಿ ಓದಿದರೆ ಹತ್ತಿರದ ಗೆಳೆಯ ಅಂದುಕೊಂಡಿದ್ದ ಆಂಡರ್ಸನ್ನೇ ವರದಿ ಕೊಟ್ಟಿದ್ದ. ಅವರು ಆ ಫೈಲಿನ ಹಾಳೆಗಳನ್ನೇ ಇಟ್ಟುಕೊಂಡು, ಅದರ ಮೇಲೆ ತಮ್ಮದೇ ಫೋಟೋ ಅಂಟಿಸಿ, ಒಂದು ಸರಣಿ ಕಲಾಕೃತಿ ಮಾಡಿದರು.

(ಶ್ಲೈಮೆ ಅನ್ನುವ ಅವರ ಹೆಸರಿಗೂ ಶ್ಲೈಮ್‌ಕೈಮ್‌ಗೂ ಸಂಬಂಧ ಇಲ್ಲ. ಇದನ್ನೂ ಬಹಳ ಜನ ಕೇಳುತ್ತಾರೆ.)

ಸ್ಟಾಸಿಗೆ ನಾಲ್ಕು ಹುಡುಗರ ಗಲಾಟೆ ಅಷ್ಟು ದೊಡ್ಡ ವಿಷಯವಾ?

ಅವರಿಗೆ ಯಾವುದೂ ಚಿಕ್ಕ ವಿಷಯ ಅಲ್ಲ. 1989ರ ಹೊತ್ತಿಗೆ ಸ್ಟಾಸಿಯಲ್ಲಿ ಸುಮಾರು 91,000 ಪೂರ್ಣಾವಧಿ ನೌಕರರಿದ್ದರು, ಅದರ ಮೇಲೆ 1,80,000ಕ್ಕೂ ಹೆಚ್ಚು ಮಾಹಿತಿದಾರರು. ದೇಶದ ಜನಸಂಖ್ಯೆ ಒಂದೂವರೆ ಕೋಟಿ ಚಿಲ್ಲರೆ. ಲೆಕ್ಕ ನೀವೇ ಹಾಕಿ.

1983ರಲ್ಲಿ ಮೇಲಿನಿಂದಲೇ ಆದೇಶ ಬಂತು, ಪಂಕ್‌ಗಳ ಮೇಲೆ ಬಿಗಿ ಮಾಡಿ ಅಂತ. ದಾರಿಗಳು ಬಹಳ ಇದ್ದವು. ಕೆಲಸ ಇಲ್ಲದೆ ತಿರುಗಿದರೆ 'ಸಮಾಜ ವಿರೋಧಿ ನಡತೆ' ಅಂತ ಕೇಸು. ಗಲಾಟೆ ಮಾಡಿದರೆ ಪುಂಡಾಟಿಕೆ ಅಂತ ಕೇಸು. ಹಾಡಿನಲ್ಲಿ ಸರ್ಕಾರವನ್ನು ಬೈದರೆ ರಾಜ್ಯದ ಅವಹೇಳನ ಅಂತ ಕೇಸು. ಯಾವುದೂ ಇಲ್ಲವೆಂದರೆ ಹಿಡಿದು ಸೈನ್ಯಕ್ಕೆ ಕಳಿಸುವುದು, ಬ್ಯಾಂಡ್ ತಾನಾಗಿಯೇ ಮುರಿಯುತ್ತದೆ. ಪೂರ್ವ ಬರ್ಲಿನ್‌ನ ನಾಮೆನ್‌ಲೋಸ್ ಬ್ಯಾಂಡಿನವರನ್ನು ಆ ವರ್ಷವೇ ಹಿಡಿದು ಹಾಡಿನ ಸಾಲುಗಳಿಗಾಗಿ ಜೈಲಿಗೆ ಹಾಕಿದರು.

ಹಾಗಾದರೆ ಹಾಡುಗಳೆಲ್ಲ ರಾಜಕೀಯವಾ?

ಕೆಲವು ನೇರ ರಾಜಕೀಯ. 'ಉಂಟರ್‌ಗ್ರುಂಡ್ ಉಂಡ್ ಅನಾರ್ಖೀ' ಅನ್ನುವ ಹಾಡಿನ ಹೆಸರಲ್ಲೇ ಭೂಗತವೂ ಇದೆ ಅರಾಜಕತೆಯೂ ಇದೆ. 'ಕ್ರೀಗೆ ಮಾಖೆನ್ ಮೆನ್ಶೆನ್' ಯುದ್ಧದ ಬಗ್ಗೆ. ಎಲ್‌ಪಿಯಲ್ಲಿ ಕೆಫೆಯಲ್ಲಿ ಕೂತ ಬೇಹುಗಾರರ ಮೇಲೂ ಒಂದು ಹಾಡಿದೆ. ಆ ಎಲ್‌ಪಿಯ ಹಿಂದೆ ಯಾರಿದ್ದ ಅಂತ ತಿಳಿದ ಮೇಲೆ ಅದನ್ನು ಕೇಳಿದರೆ ಒಂಥರಾ ಮೈ ಜುಂ ಅನ್ನುತ್ತದೆ.

ನನಗೆ ಜಾಸ್ತಿ ಇಷ್ಟ ಬೇರೆ ಥರದವು. 'ಆಟಾ, ಫಿಟ್, ಶ್ಪೇ' ಅಂತ ಒಂದು ಹಾಡು. ಮೂರೂ ಪೂರ್ವ ಜರ್ಮನಿಯ ಪ್ರತಿ ಮನೆಯಲ್ಲಿದ್ದ ಸಾಮಾನು: ಆಟಾ ಅಂದರೆ ತಿಕ್ಕುವ ಪುಡಿ, ಫಿಟ್ ಪಾತ್ರೆ ತೊಳೆಯೋದಕ್ಕೆ, ಶ್ಪೇ ಬಟ್ಟೆ ಸೋಪಿನ ಪುಡಿ. ನಮ್ಮ ಹುಡುಗರು ಯಾರಾದರೂ 'ಸಬೀನಾ, ವಿಮ್, ನಿರ್ಮಾ' ಅಂತ ಹಾಡಿಗೆ ಹೆಸರಿಟ್ಟ ಹಾಗೆ. ಬರ್ಲಿನ್ ಗೋಡೆ, ಶೀತಲ ಸಮರ ಅಂತ ದೊಡ್ಡ ಮಾತು ಬಹಳ ಜನ ಆಡಿದರು. ಸಿಂಕಿನ ಪಕ್ಕದ ಡಬ್ಬಿಗಳ ಮೇಲೆ ಹಾಡು ಕಟ್ಟಿದವರು ಎಷ್ಟು ಜನ?

ಪಂಕ್ ಅಂದರೆ 'ಭವಿಷ್ಯ ಇಲ್ಲ' ಅನ್ನೋದಲ್ವಾ? ಅಲ್ಲಿ ಎಲ್ಲರಿಗೂ ಕೆಲಸ ಇತ್ತಲ್ಲ?

ಒಳ್ಳೆ ಪ್ರಶ್ನೆ. ಲಂಡನ್‌ನ ಪಂಕ್ ಹುಡುಗರ ಸಿಟ್ಟು ಕೆಲಸ ಇಲ್ಲ ಅಂತ. ಇಲ್ಲಿ ಉಲ್ಟಾ. ಶಾಲೆ, ಕಸುಬಿನ ತರಬೇತಿ, ಕಾರ್ಖಾನೆ, ಸೈನ್ಯ, ಮದುವೆ, ಫ್ಲ್ಯಾಟಿಗೆ ಅರ್ಜಿ, ಕಾರಿಗೆ ವರ್ಷಗಟ್ಟಲೆ ಕಾಯುವ ಪಟ್ಟಿ, ಪಿಂಚಣಿ. ಹದಿನಾರು ವರ್ಷಕ್ಕೇ ಎಲ್ಲ ಬರೆದಿಟ್ಟಾಗಿದೆ. ಅಲ್ಲಿಯ ಪಂಕ್‌ಗಳ ಗೋಳು ಭವಿಷ್ಯ ಜಾಸ್ತಿಯಾಯಿತು ಅಂತ.

ರೆಕಾರ್ಡ್ ಒಂದೇ ಅಂದರೆ ಜನ ಇವರನ್ನು ಕೇಳಿದ್ದು ಹೇಗೆ?

ಕ್ಯಾಸೆಟ್. ಆ ಎಲ್‌ಪಿ ಪೂರ್ವದಲ್ಲಿ ಎಷ್ಟು ಜನ ಕಣ್ಣಲ್ಲಿ ಕಂಡಿರಬಹುದು, ಅದು ಸಿಗುತ್ತಿದ್ದದ್ದು ಗೋಡೆಯ ಆಚೆ. ಈಚೆ ಓಡಾಡಿದ್ದೆಲ್ಲ ಟೇಪು.

ಖಾಲಿ ಕ್ಯಾಸೆಟ್ ಅಲ್ಲಿ ಸುಮ್ನೆ ಸಿಗುವ ವಸ್ತು ಆಗಿರಲಿಲ್ಲ. ಬ್ರೆಡ್ ಬನ್ನಿಗೆ 5 ಫೆನ್ನಿಗ್ ಇದ್ದ ಕಾಲದಲ್ಲಿ ಓರ್ವೋ ಕಂಪನಿಯ ಒಂದು ಗಂಟೆಯ ಕ್ಯಾಸೆಟ್‌ಗೆ ಸುಮಾರು 20 ಮಾರ್ಕ್ (ಒಂದು ಮಾರ್ಕಿಗೆ 100 ಫೆನ್ನಿಗ್), ಅಂದರೆ 400 ಬನ್ನು. ಹಾಗಾಗಿ ಹಳೆ ಟೇಪಿನ ಮೇಲೇ ಮತ್ತೆ ಮತ್ತೆ ತುಂಬುವುದು. ಅಭ್ಯಾಸದ ಕೋಣೆಯಲ್ಲಿ ಒಂದು ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದನ್ನು ಗೆಳೆಯ ಕಾಪಿ ಮಾಡಿಕೊಳ್ಳುತ್ತಾನೆ, ಅವನ ಕಾಪಿಯಿಂದ ಇನ್ನೊಬ್ಬ, ಅದರಿಂದ ಮತ್ತೊಬ್ಬ. ಐದನೇ ಕೈಗೆ ಬರುವಷ್ಟರಲ್ಲಿ ಹಾಡಿಗಿಂತ ಸುಯ್ ಅನ್ನುವ ಸದ್ದೇ ಜಾಸ್ತಿ. ನಮ್ಮಲ್ಲಿ ಜಾತ್ರೆಯಲ್ಲಿ ಕೊಂಡ ಕ್ಯಾಸೆಟ್ಟನ್ನು ಇಡೀ ಕೇರಿ ಕಾಪಿ ಹೊಡೆದುಕೊಂಡ ಕಾಲ ನೆನಪಿರುವವರಿಗೆ ಆ ಸದ್ದು ಗೊತ್ತು.

ಇವತ್ತು ಸಿಡಿಯಲ್ಲಿ, ನೆಟ್‌ನಲ್ಲಿ ಸಿಗುವ ಹಳೇ ಶ್ಲೈಮ್‌ಕೈಮ್‌ನ ಬಹುಪಾಲು ಇಂಥ ಟೇಪುಗಳಿಂದ ಎತ್ತಿದ್ದೇ.

ರಾಮ್‌ಸ್ಟೈನ್ ಅನ್ನುವ ಪ್ರಸಿದ್ಧ ಜರ್ಮನ್ ಬ್ಯಾಂಡಿಗೂ ಇವರಿಗೂ ಸಂಬಂಧ ಇದೆಯಂತೆ?

ನೇರ ಸಂಬಂಧ ಇಲ್ಲ. ಗೊಂದಲ ಎಲ್ಲಿಂದ ಅಂದರೆ, ರಾಮ್‌ಸ್ಟೈನ್‌ನ ಗಿಟಾರಿಸ್ಟ್ ಪೌಲ್ ಲಾಂಡರ್ಸ್ ಮತ್ತು ಕೀಬೋರ್ಡಿನ ಫ್ಲಾಕೆ ಇಬ್ಬರೂ ಮೊದಲು ಪೂರ್ವ ಬರ್ಲಿನ್‌ನ ಫೀಲಿಂಗ್ ಬಿ ಎಂಬ ಪಂಕ್ ಬ್ಯಾಂಡಿನಲ್ಲಿದ್ದರು. ಫೀಲಿಂಗ್ ಬಿ ಪರವಾನಗಿ ತೆಗೆದುಕೊಂಡ ಬ್ಯಾಂಡ್. 80ರ ಕೊನೆಗೆ ಸರ್ಕಾರ ಸ್ವಲ್ಪ ಸಡಿಲ ಬಿಟ್ಟು, ರೇಡಿಯೋದಲ್ಲೂ ಇಂಥ ಬ್ಯಾಂಡ್‌ಗಳಿಗೆ ಜಾಗ ಕೊಟ್ಟಿತು. 1989ರಲ್ಲಿ ಅಮಿಗಾದಿಂದಲೇ ಫೀಲಿಂಗ್ ಬಿ ಎಲ್‌ಪಿ ಬಂತು.

ಪರವಾನಗಿ ತೆಗೆದುಕೊಂಡವರು ರಾಜಿಯಾದರು, ತೆಗೆದುಕೊಳ್ಳದವರು ಶುದ್ಧರು ಅಂತ ಅಭಿಮಾನಿಗಳಲ್ಲಿ ಒಂದು ಹಳೇ ಜಗಳ ಇದೆ. ನಾನು ಆ ಕಡೆ ಹೋಗಲ್ಲ. ಫೀಲಿಂಗ್ ಬಿ ಹಾಡುಗಳೂ ನನಗೆ ಇಷ್ಟ.

ಗೋಡೆ ಬಿದ್ದ ಮೇಲೆ ಇವರ ಕಾಲ ಬಂತಲ್ಲ?

ಬರಬೇಕಿತ್ತು. 1989ರ ನವೆಂಬರ್ 9ಕ್ಕೆ ಗೋಡೆ ತೆರೆಯಿತು. ಡಿಸೆಂಬರ್ 4ಕ್ಕೆ ಏರ್‌ಫುರ್ಟ್‌ನ ಜನ, ಅದರಲ್ಲೂ ಹೆಂಗಸರು ಮುಂದಾಗಿ, ಊರಿನ ಸ್ಟಾಸಿ ಕಚೇರಿಗೆ ನುಗ್ಗಿ ಫೈಲು ಸುಡುವುದನ್ನು ನಿಲ್ಲಿಸಿದರು. ಇಡೀ ದೇಶದಲ್ಲಿ ಸ್ಟಾಸಿಯ ಜಿಲ್ಲಾ ಕಚೇರಿಯೊಂದು ಜನರ ಕೈಗೆ ಬಂದದ್ದು ಅದೇ ಮೊದಲು.

ಈಗ ಯಾರ ಅನುಮತಿಯೂ ಬೇಡ. ಸ್ವಂತ ಹೆಸರಲ್ಲಿ ರೆಕಾರ್ಡ್ ಬಂತು, 'ಅಬ್‌ಫಾಲ್‌ಪ್ರೊಡುಕ್ಟೆ ಡೇರ್ ಗೆಸೆಲ್‌ಶಾಫ್ಟ್' ಅನ್ನುವುದು ಅದರಲ್ಲೊಂದು, 'ಸಮಾಜದ ಕಸ' ಅಂತ ಅರ್ಥ. ಪಶ್ಚಿಮದಲ್ಲೂ ನುಡಿಸಿದರು. ಆದರೆ ಬ್ಯಾಂಡಿಗೆ ಬರುವವರು ಹೋಗುವವರು ಬದಲಾಗುತ್ತಲೇ ಇದ್ದರು, ಒಟ್ಸೆ ಒಬ್ಬನೇ ಕಾಯಂ. ಸುತ್ತ ಕಾರ್ಖಾನೆಗಳು ಮುಚ್ಚಿ ಜನ ಕೆಲಸ ಕಳೆದುಕೊಳ್ಳುತ್ತಿದ್ದರು. ಒಟ್ಸೆ ಮಾದಕ ವಸ್ತುಗಳ ಕಡೆ, ಟೆಕ್ನೋ ಸಂಗೀತದ ಕಡೆ ವಾಲಿದ. 1996ರ ಹೊತ್ತಿಗೆ ಬ್ಯಾಂಡ್ ಮುಗಿಯಿತು.

ಒಟ್ಸೆ ಅಪ್ಪನನ್ನು ಕೊಂದದ್ದು ನಿಜವಾ?

ನಿಜ. 1999ರಲ್ಲಿ, ಕೊಡಲಿಯಿಂದ. ಅವನನ್ನು ಜೈಲಿಗಲ್ಲ, ಮಾನಸಿಕ ಆಸ್ಪತ್ರೆಯ ಬಂದ್ ವಿಭಾಗಕ್ಕೆ ಕಳಿಸಿದರು. ಅಲ್ಲೇ 2005ರ ಏಪ್ರಿಲ್‌ನಲ್ಲಿ ತೀರಿಕೊಂಡ. ಆಗ ಅವನಿಗೆ 41 ವರ್ಷ.

ಇದನ್ನು ಕೆಲವರು ಕಣ್ಣರಳಿಸಿ ಹೇಳುತ್ತಾರೆ, ಪಂಕ್ ದಂತಕಥೆಗೆ ತಕ್ಕ ಕೊನೆ ಅನ್ನುವ ಥರ. ಟೀಶರ್ಟಿನ ಮೇಲೆ ಅವನ ಮುಖ ಹಾಕಿಕೊಂಡು ಅದನ್ನೇ ಜೋಕ್ ಮಾಡುವವರೂ ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಸತ್ತವರು ಒಬ್ಬ ಅಪ್ಪ. ಕೊಂದವನು ತಲೆ ಸರಿಯಿಲ್ಲದ, ವರ್ಷಗಟ್ಟಲೆ ನಶೆಯಲ್ಲಿದ್ದ ಮಗ. ಅದರಲ್ಲಿ ಪಂಕ್ ಎಲ್ಲಿ ಬಂತು?

ಸ್ಟಾಸಿ ಕಾಟದಿಂದಲೇ ಹೀಗಾಯಿತು ಅಂತ ಇನ್ನು ಕೆಲವರು ಒಂದೇ ಗೆರೆ ಎಳೆದುಬಿಡುತ್ತಾರೆ. ಅಷ್ಟು ಸುಲಭಕ್ಕೆ ಒಬ್ಬ ಮನುಷ್ಯನ ಲೆಕ್ಕ ಮುಗಿಯಲ್ಲ.

ಈಗ ಯಾರಾದರೂ ಕೇಳುತ್ತಾರಾ?

ಕೇಳುತ್ತಾರೆ, ಆಶ್ಚರ್ಯ ಆಗುವಷ್ಟು. ಗೋಡೆ ಬಿದ್ದ ಎಷ್ಟೋ ವರ್ಷ ಆದಮೇಲೆ ಹುಟ್ಟಿದ ಹುಡುಗರ ಜಾಕೆಟ್ ಮೇಲೆ 'ಎಸ್‌ಕೆ' ಅಂತ ಹೊಲಿದ ಬಟ್ಟೆ ತುಂಡು ಕಾಣುತ್ತದೆ. ಒಟ್ಸೆ ಬಗ್ಗೆ ಪುಸ್ತಕ ಬಂದಿದೆ, ಸಾಕ್ಷ್ಯಚಿತ್ರವೂ ಬಂದಿದೆ. ಜರ್ಮನ್ ಬ್ಯಾಂಡ್‌ಗಳು ಇವರ ಹಾಡನ್ನು ತಮ್ಮ ಕಛೇರಿಯ ಕೊನೆಗೆ ನುಡಿಸುವುದುಂಟು.

ಎಲ್ಲಿಂದ ಶುರು ಮಾಡಲಿ?

'ನಿಖ್ಟ್ಸ್ ಗೆವೊನೆನ್, ನಿಖ್ಟ್ಸ್ ಫರ್ಲೋರೆನ್' ಅಂತ ಹಳೇ ಟೇಪುಗಳ ಸಂಗ್ರಹ ಇದೆ. ಗೆದ್ದದ್ದೂ ಇಲ್ಲ, ಸೋತದ್ದೂ ಇಲ್ಲ ಅಂತ ಅರ್ಥ. ಅದರಿಂದ ಶುರು ಮಾಡಿ. ಜರ್ಮನ್ ಬರದಿದ್ದರೂ ತೊಂದರೆ ಇಲ್ಲ, ಜರ್ಮನ್ನರಿಗೇ ಅರ್ಧ ಮಾತು ಕೇಳಿಸುವುದಿಲ್ಲ. ಹೆಡ್‌ಫೋನ್ ಕೆಟ್ಟಿಲ್ಲ, ವೈರ್ ಅಲ್ಲಾಡಿಸಬೇಡಿ.

ಆ ಕಡೆ ಹೋದರೆ ನೋಡಲು ಏನಾದರೂ ಇದೆಯಾ?

ಏರ್‌ಫುರ್ಟ್‌ನಲ್ಲಿ ಆಂಡ್ರೆಯಾಸ್‌ಶ್ಟ್ರಾಸೆ ಎಂಬ ಬೀದಿಯಲ್ಲಿ ಸ್ಟಾಸಿಯ ವಿಚಾರಣಾ ಜೈಲಿತ್ತು. ಈಗ ಅದು ಸ್ಮಾರಕ. ಕೋಣೆಗಳನ್ನು ಹಾಗೇ ಇಟ್ಟಿದ್ದಾರೆ, ಒಳಗೆ ಹೋಗಿ ನೋಡಬಹುದು. ಅರ್ಧ ದಿನ ಇಟ್ಟುಕೊಳ್ಳಿ.

ಆಮೇಲೆ ರೈಲಿನಲ್ಲೋ ಸೈಕಲ್ಲಿನಲ್ಲೋ ಶ್ಟೊಟರ್ನ್‌ಹೈಮ್ ಕಡೆ ಹೋಗಿ. ಸಪಾಟು ಹೊಲ, ಗಾಳಿ ಜೋರು. ಲೂಥರ್ ಕಲ್ಲಿಗೆ ದಾರಿ ತೋರಿಸುವ ಫಲಕ ಇದೆ. ಏರ್ಲಿಷ್ ಮನೆ ಎಲ್ಲಿ ಅಂತ ಮಾತ್ರ ಊರವರನ್ನು ಕೇಳಬೇಡಿ. ಅವರಿಗೆ ಆ ಪ್ರಶ್ನೆ ಕೇಳಿ ಕೇಳಿ ಸಾಕಾಗಿರುತ್ತದೆ.